ಆಟದಿಂದ ಸ್ಪರ್ಧೆಗೆ: ಜಿಮ್ನಾಸ್ಟಿಕ್ಸ್ ಕಲಿಯುವ ಪುಟ್ಟ ಮಗುವಿನ ಮೈ ಎಷ್ಟು ತಾಳೀತು?

ಆರು ವರ್ಷದ ಮಗಳು ಸೋಫಾದಿಂದ ಜಿಗಿಯುತ್ತಾಳೆ. ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಲ್ಲುತ್ತಾಳೆ. ಹಾಸಿಗೆಯ ಮೇಲೆ ಲಾಗ ಹಾಕುತ್ತಾಳೆ. "ಇದು ಹುಡುಗಿಯೋ, ಮಂಗವೋ" ಎಂದು ಅಜ್ಜಿ ಗೊಣಗುತ್ತಾರೆ. ಮನೆಯಲ್ಲಿ ಕೈಕಾಲು ಮುರಿದುಕೊಳ್ಳುವುದಕ್ಕಿಂತ ಸರಿಯಾದ ಜಾಗದಲ್ಲಿ ಕಲಿಯಲಿ ಎಂದು ನೀವು ಅವಳನ್ನು ವಾರಕ್ಕೊಂದು ಗಂಟೆಯ ಜಿಮ್ನಾಸ್ಟಿಕ್ಸ್ ತರಗತಿಗೆ ಸೇರಿಸುತ್ತೀರಿ. ನಾಲ್ಕು ತಿಂಗಳಲ್ಲಿ ಅವಳು ಜೊತೆಯವರನ್ನೆಲ್ಲ ಹಿಂದೆ ಹಾಕಿರುತ್ತಾಳೆ. ಒಂದು ಸಂಜೆ ತರಬೇತುದಾರರು ನಿಮ್ಮನ್ನು ಕರೆದು ಹೇಳುತ್ತಾರೆ: "ಮಗುವಿನ ಮೈ ಚೆನ್ನಾಗಿ ಬಳುಕುತ್ತದೆ, ಹೆದರಿಕೆಯೇ ಇಲ್ಲ. ಸ್ಪರ್ಧೆಯ ತಂಡಕ್ಕೆ ಹಾಕೋಣ. ಇನ್ನು ಮೇಲೆ ವಾರಕ್ಕೆ ಐದು ದಿನ, ದಿನಕ್ಕೆ ಮೂರು ಗಂಟೆ ಬರಬೇಕು."

ನೀವು ಏನು ಉತ್ತರ ಕೊಡುತ್ತೀರಿ? ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಅಳುಕು. ಬೇಡ ಎಂದರೆ ಮಗುವಿನ ಪ್ರತಿಭೆಗೆ ಅಡ್ಡಿಯಾದೆವೇನೋ ಎಂಬ ಚಿಂತೆ. ಆಯಿತು ಎಂದರೆ ಎಳೆಯ ಮೈಗೆ ಏನಾದರೂ ಆದೀತೇ ಎಂಬ ಭಯ. ಈ ತೀರ್ಮಾನವನ್ನು ಹೆಮ್ಮೆಯಿಂದಲೋ ಭಯದಿಂದಲೋ ತೆಗೆದುಕೊಳ್ಳುವುದು ಬೇಡ. ಮಗುವಿನ ಮೈ ಹೇಗೆ ಬೆಳೆಯುತ್ತದೆ ಎಂದು ತಿಳಿದುಕೊಂಡು ತೆಗೆದುಕೊಳ್ಳೋಣ.

ಪುಟ್ಟ ಮಕ್ಕಳು ಇಷ್ಟು ಬೇಗ ಕಲಿಯುವುದೇಕೆ?

ಜಿಮ್ನಾಸ್ಟಿಕ್ಸ್‌ನಲ್ಲಿ ಮಗು ಎತ್ತಬೇಕಾದ ಭಾರ ಅದರ ಸ್ವಂತ ಮೈಭಾರ. ಪುಟ್ಟ ಮಗುವಿನ ತೂಕ ಕಡಿಮೆ, ಎತ್ತರ ಕಡಿಮೆ, ಕೀಲುಗಳು ಮೃದು. ಹಾಗಾಗಿ ಗಾಳಿಯಲ್ಲಿ ತಿರುಗುವುದು, ಕೈಯ ಮೇಲೆ ನಿಲ್ಲುವುದು ಅದಕ್ಕೆ ದೊಡ್ಡವರಿಗಿಂತ ಸುಲಭ. ಬಿದ್ದರೆ ಏನಾದೀತು ಎಂಬ ಯೋಚನೆಯೂ ಆ ವಯಸ್ಸಿನಲ್ಲಿ ಕಡಿಮೆ. ಮೆದುಳು ಮತ್ತು ನರಗಳು ಹೊಸ ಚಲನೆಯನ್ನು ಕೆಲವೇ ವಾರಗಳಲ್ಲಿ ಕಲಿತುಬಿಡುತ್ತವೆ.

ಆದರೆ ಮೈಯ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಿದ್ಧವಾಗುವುದಿಲ್ಲ. ಕೌಶಲ ವಾರಗಳಲ್ಲಿ ಬರುತ್ತದೆ. ಮಾಂಸಖಂಡ ಬಲಗೊಳ್ಳಲು ತಿಂಗಳುಗಳು ಬೇಕು. ಹೊಸ ಭಾರಕ್ಕೆ ಮೂಳೆ ಮತ್ತು ಸ್ನಾಯುರಜ್ಜುಗಳು ಹೊಂದಿಕೊಳ್ಳುವುದು ಇನ್ನೂ ನಿಧಾನ. "ಮಾಡಬಲ್ಲಳು" ಎನ್ನುವುದೂ "ದಿನಕ್ಕೆ ಐವತ್ತು ಸಲ ಮಾಡಿದರೂ ಮೈ ತಾಳುತ್ತದೆ" ಎನ್ನುವುದೂ ಒಂದೇ ಅಲ್ಲ. ಬೇಗ ಮುಂದೆ ಹೋಗುವ ಮಗುವಿಗೆ ಅಪಾಯ ಬರುವುದು ಸಾಮಾನ್ಯವಾಗಿ ಈ ಅಂತರದಲ್ಲೇ.

ಬೆಳೆಯುವ ಮೂಳೆಯ ಮೃದು ಜಾಗ

ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಗ್ರೋತ್ ಪ್ಲೇಟ್ ಎಂಬ ಮೃದ್ವಸ್ಥಿಯ ಪದರವಿದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿದ ಮೇಲೆ ಅದು ಗಟ್ಟಿ ಮೂಳೆಯಾಗಿ ಕೂಡಿಕೊಳ್ಳುತ್ತದೆ. ಅಲ್ಲಿಯ ತನಕ ಅದು ಸುತ್ತಲಿನ ಮೂಳೆ ಮತ್ತು ಲಿಗಮೆಂಟ್‌ಗಳಿಗಿಂತ ದುರ್ಬಲ. ದೊಡ್ಡವರಿಗೆ ಉಳುಕು ಆಗುವಂಥ ಪೆಟ್ಟಿನಿಂದ ಮಕ್ಕಳಿಗೆ ಈ ಪದರಕ್ಕೇ ಏಟಾಗಬಹುದು. ಒಂದೇ ದೊಡ್ಡ ಪೆಟ್ಟು ಬೇಕೆಂದಿಲ್ಲ. ಬಿಡುವಿಲ್ಲದೆ ಮತ್ತೆ ಮತ್ತೆ ಬೀಳುವ ಸಣ್ಣ ಭಾರವೂ ಸಾಕು.

ಹೆತ್ತವರು ಗಮನ ಇಡಬೇಕಾದ ನಾಲ್ಕು ಜಾಗಗಳು ಇವು:

ಮಣಿಕಟ್ಟು: ಮಣಿಕಟ್ಟು ಮೈಭಾರ ಹೊರಲು ಮಾಡಿದ್ದಲ್ಲ. ಆದರೆ ಕೈಯ ಮೇಲೆ ನಿಲ್ಲುವಾಗ, ಹಿಂದಕ್ಕೆ ಪಲ್ಟಿ ಹೊಡೆಯುವಾಗ ಇಡೀ ಭಾರ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಅಲ್ಲಿ ಬೀಳುತ್ತದೆ. ಹೆಬ್ಬೆರಳಿನ ಬದಿಯ ಮೂಳೆಯ ಗ್ರೋತ್ ಪ್ಲೇಟ್ ಇದರಿಂದ ನೋಯುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದನ್ನು "ಜಿಮ್ನಾಸ್ಟ್ ಮಣಿಕಟ್ಟು" ಎಂದೇ ಕರೆಯುತ್ತಾರೆ. ನೋವಿದ್ದರೂ ಆಡಿಸುತ್ತಾ ಹೋದರೆ ಆ ಮೂಳೆಯ ಬೆಳವಣಿಗೆ ಮುಂಚಿತವಾಗಿಯೇ ನಿಲ್ಲಬಹುದು.

ಹಿಮ್ಮಡಿ: ಬರಿಗಾಲಲ್ಲಿ ಪದೇ ಪದೇ ಜಿಗಿದು ಇಳಿಯುವುದರಿಂದ ಹಿಮ್ಮಡಿಯ ಹಿಂಭಾಗ ನೋಯುತ್ತದೆ. ಮಗು ತುದಿಗಾಲಲ್ಲಿ ನಡೆಯತೊಡಗಿದರೆ ಗಮನಿಸಿ.

ಮೊಣಕಾಲು: ಚಿಪ್ಪಿನ ಕೆಳಗೆ ನೋವಿನ ಗಂಟು ಕಾಣಿಸಬಹುದು. ಎತ್ತರ ದಿಢೀರನೆ ಏರುವ ವಯಸ್ಸಿನಲ್ಲಿ ಇದು ಹೆಚ್ಚು.

ಸೊಂಟ: ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸುವ ಅಭ್ಯಾಸದಿಂದ ಬೆನ್ನುಮೂಳೆಯ ಹಿಂಭಾಗದಲ್ಲಿ ಕೂದಲೆಳೆಯ ಬಿರುಕು ಬರಬಹುದು. ಹಿಂದಕ್ಕೆ ಬಾಗಿದಾಗ ಹೆಚ್ಚಾಗುವ, ಎರಡು ವಾರ ಕಳೆದರೂ ಹೋಗದ ಬೆನ್ನುನೋವನ್ನು "ಎಲ್ಲ ಮಕ್ಕಳಿಗೂ ಬರುತ್ತದೆ" ಎಂದು ತಳ್ಳಿಹಾಕಬೇಡಿ. ಮೂಳೆ ತಜ್ಞರಿಗೆ ತೋರಿಸಿ.

ಇವೆಲ್ಲ ಬೇಗ ಕಂಡುಹಿಡಿದರೆ ಹೆಚ್ಚಾಗಿ ವಿಶ್ರಾಂತಿಯಿಂದಲೇ ಗುಣವಾಗುತ್ತವೆ. ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ನೋವಿನ ಮಾತ್ರೆ ಕೊಟ್ಟು ಅಭ್ಯಾಸಕ್ಕೆ ಕಳಿಸುವುದು ಮಾತ್ರ ದೊಡ್ಡ ತಪ್ಪು. ಮಾತ್ರೆ ನೋವನ್ನು ಮುಚ್ಚುತ್ತದೆ, ಏಟನ್ನಲ್ಲ.

ವಾರಕ್ಕೆ ಎಷ್ಟು ಗಂಟೆ?

ಕ್ರೀಡಾ ವೈದ್ಯರು ಹೇಳುವ ಒಂದು ಸರಳ ಲೆಕ್ಕವಿದೆ: ಮಗುವಿನ ವಯಸ್ಸು ಎಷ್ಟೋ, ವಾರದ ತರಬೇತಿ ಅಷ್ಟು ಗಂಟೆಗಳನ್ನು ಮೀರಬಾರದು. ಆರು ವರ್ಷದ ಮಗುವಿಗೆ ಆರು ಗಂಟೆ, ಒಂಬತ್ತು ವರ್ಷಕ್ಕೆ ಒಂಬತ್ತು ಗಂಟೆ. ಮೊದಲು ಹೇಳಿದ "ಐದು ದಿನ, ಮೂರು ಗಂಟೆ" ಎಂದರೆ 15 ಗಂಟೆ. ಆರರ ಮಗುವಿಗೆ ಅದು ಎರಡೂವರೆ ಪಟ್ಟು. ಜೊತೆಗೆ ವಾರದಲ್ಲಿ ಕನಿಷ್ಠ ಒಂದೆರಡು ದಿನ ಪೂರ್ತಿ ಬಿಡುವು ಇರಬೇಕು. ವರ್ಷದಲ್ಲಿ ಒಟ್ಟು ಎರಡು ಮೂರು ತಿಂಗಳು, ಒಂದೊಂದು ತಿಂಗಳಂತೆ ಬಿಡಿಸಿ, ಆ ಆಟದಿಂದ ವಿರಾಮ ಕೊಡಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಆ ಸಮಯದಲ್ಲಿ ಮಗು ಸುಮ್ಮನೆ ಕೂರಬೇಕೆಂದಲ್ಲ. ಈಜಲಿ, ಸೈಕಲ್ ತುಳಿಯಲಿ, ಕೇರಿಯ ಮಕ್ಕಳ ಜೊತೆ ಓಡಾಡಲಿ.

ಇಲ್ಲಿ ನಮ್ಮ ಮನೆಗಳ ದಿನಚರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಗ್ಗೆ ಬೇಗನೆದ್ದು ಮದ್ರಸಾ, ಆಮೇಲೆ ಶಾಲೆ, ಸಂಜೆ ಟ್ಯೂಷನ್, ಅದರ ಮೇಲೆ ಮೂರು ಗಂಟೆ ತರಬೇತಿ, ರಾತ್ರಿ ಹೋಂವರ್ಕ್. ಇಷ್ಟೆಲ್ಲ ಮುಗಿದ ಮೇಲೆ ನಿದ್ದೆಗೆ ಎಷ್ಟು ಉಳಿಯುತ್ತದೆ? 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಗ್ಗೆ ಐದೂವರೆಗೆ ಏಳುವ ಮಗು ರಾತ್ರಿ ಎಂಟೂವರೆಗೆ ಮಲಗಿದರೆ ಮಾತ್ರ ಒಂಬತ್ತು ಗಂಟೆ ಆಗುತ್ತದೆ. ನಿದ್ದೆಗೆಟ್ಟ ಮಗುವಿನ ಗಮನ ತಪ್ಪುತ್ತದೆ. ಬೀಮ್ ಮೇಲೆ, ಬಾರ್ ಮೇಲೆ ಗಮನ ತಪ್ಪಿದರೆ ಆಗುವುದು ಗಾಯವೇ. ಒಂದು ಹಾಳೆಯಲ್ಲಿ ಮಗುವಿನ 24 ಗಂಟೆಗಳನ್ನು ಬರೆದು ನೋಡಿ. ನಿದ್ದೆಯ ಜಾಗಕ್ಕೆ ತರಬೇತಿ ಬಂದು ಕೂತಿದ್ದರೆ, ತರಬೇತಿಯನ್ನೇ ಕಡಿಮೆ ಮಾಡಿ.

ತಡವಾದರೆ ಅವಕಾಶ ತಪ್ಪಿತೇ?

"ಈಗ ಬಿಟ್ಟರೆ ಮುಂದೆ ಆಗದು" ಎಂಬ ಮಾತು ಈ ಆಟದಲ್ಲಿ ಹೆಚ್ಚು ಕೇಳಿಸುತ್ತದೆ. ಇದಕ್ಕೊಂದು ಹಿನ್ನೆಲೆ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ನಾದಿಯಾ ಕೊಮನೆಚಿ 14ನೇ ವಯಸ್ಸಿನಲ್ಲಿ ಪೂರ್ಣ 10 ಅಂಕ ಪಡೆದಾಗ ಜಗತ್ತು ಬೆರಗಾಯಿತು. ಅಲ್ಲಿಂದ ಈ ಆಟವೆಂದರೆ ಪುಟ್ಟ ಹುಡುಗಿಯರದ್ದು ಎಂಬ ಕಲ್ಪನೆ ಬೇರೂರಿತು. ಆದರೆ ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಶನ್ ಹಿರಿಯ ಮಹಿಳೆಯರ ವಿಭಾಗದ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೆ, 1997ರಲ್ಲಿ 16ಕ್ಕೆ ಏರಿಸಿತು. ಎಂದರೆ ನಿಮ್ಮ ಆರು ವರ್ಷದ ಮಗು ಎಷ್ಟೇ ವೇಗವಾಗಿ ಕಲಿತರೂ ಒಲಿಂಪಿಕ್ಸ್‌ಗೆ ಇನ್ನೂ ಹತ್ತು ವರ್ಷ ಕಾಯಲೇಬೇಕು. ಆ ಹತ್ತು ವರ್ಷ ಮೈ ಉಳಿಯಬೇಕಾದರೆ ಮೊದಲ ಮೂರು ವರ್ಷಗಳಲ್ಲಿ ಆತುರ ಇರಬಾರದು.

ನಮ್ಮ ದೇಶದ ದೀಪಾ ಕರ್ಮಾಕರ್ ಅವರನ್ನೇ ನೋಡಿ. ಅಗರ್ತಲಾದ ಈ ಹುಡುಗಿ ಆರರ ಹರೆಯದಲ್ಲಿ ಆರಂಭಿಸಿದಾಗ ಅವರ ಪಾದ ಚಪ್ಪಟೆಯಾಗಿತ್ತು. ಜಿಗಿಯುವವರಿಗೆ ಅದು ಅಡ್ಡಿ. ವರ್ಷಗಟ್ಟಲೆ ಅಭ್ಯಾಸದಿಂದ ಅದನ್ನು ಮೀರಿದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದಾಗ ಅವರಿಗೆ 20 ವರ್ಷ. 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ 23. ಉಜ್ಬೇಕಿಸ್ತಾನದ ಬುಖಾರಾದಲ್ಲಿ ಹುಟ್ಟಿದ ಒಕ್ಸಾನಾ ಚುಸೊವಿಟಿನಾ ಟೋಕಿಯೋದಲ್ಲಿ ತಮ್ಮ ಎಂಟನೇ ಒಲಿಂಪಿಕ್ಸ್ ಆಡಿದಾಗ ಅವರಿಗೆ 46 ವರ್ಷ; ಅವರು ಒಬ್ಬ ಮಗನ ತಾಯಿಯೂ ಹೌದು. ಇನ್ನೊಂದು ಬದಿಯೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಲ್ಜೀರಿಯಾಕ್ಕೆ ಚಿನ್ನ ತಂದ 17ರ ಹುಡುಗಿ ಕೈಲಿಯಾ ನೆಮೂರ್, ಅದಕ್ಕೂ ಮೊದಲೇ ಮೊಣಕಾಲಿನ ಮೂಳೆಯ ತೊಂದರೆಗಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಚಿನ್ನದ ಹಿಂದೆ ಇಂತಹ ಬೆಲೆಯೂ ಇರುತ್ತದೆ ಎಂಬುದನ್ನು ಹೆತ್ತವರು ಮೊದಲೇ ತಿಳಿದಿರುವುದು ಒಳ್ಳೆಯದು.

ಹಿರಿಯರ ಎರಡು ಪ್ರಶ್ನೆಗಳು

"ಈ ಆಟ ಆಡಿದರೆ ಮಗು ಕುಳ್ಳಾಗುತ್ತದೆಯೇ?" ಜಿಮ್ನಾಸ್ಟಿಕ್ಸ್‌ನಿಂದಲೇ ವಯಸ್ಕ ಎತ್ತರ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ. ಕುಳ್ಳಗಿನ ಮಕ್ಕಳು ಈ ಆಟದಲ್ಲಿ ಮುಂದೆ ಬರುವುದರಿಂದ ಹಾಗೆ ಕಾಣುತ್ತದೆ. ಬೆಳವಣಿಗೆಗೆ ಅಡ್ಡಿಯಾಗುವುದು ಸಾಕಷ್ಟು ಊಟ ಕೊಡದೆ ದುಡಿಸುವುದರಿಂದ.

"ಹೆಣ್ಣುಮಕ್ಕಳು ಹೀಗೆ ಹಾರಿದರೆ ಗರ್ಭಕೋಶ ಜಾರುವುದಿಲ್ಲವೇ?" ಇಲ್ಲ. ಓಡುವುದು, ಜಿಗಿಯುವುದು ಬೆಳೆಯುವ ಹುಡುಗಿಯ ಗರ್ಭಕೋಶಕ್ಕೆ ಹಾನಿ ಮಾಡುವುದಿಲ್ಲ. ಬದಲಾಗಿ ಹದವಾದ ಜಿಗಿತದಿಂದ ಮೂಳೆ ಗಟ್ಟಿಯಾಗುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಹುಡುಗರಿಗೂ ಹುಡುಗಿಯರಿಗೂ ಒಂದೇ.

ತಟ್ಟೆಯಲ್ಲಿ ಏನಿರಬೇಕು?

ತರಬೇತಿ ಹೆಚ್ಚಿದಂತೆ ಊಟವೂ ಹೆಚ್ಚಬೇಕು. ಈ ಆಟದಲ್ಲಿ ಆಗುವುದು ಹೆಚ್ಚಾಗಿ ಅದರ ಉಲ್ಟಾ. "ಸ್ವಲ್ಪ ತೂಕ ಇಳಿಸಿದರೆ ಇನ್ನೂ ಚೆನ್ನಾಗಿ ಹಾರುತ್ತಾಳೆ" ಎಂಬ ಒಂದೇ ಮಾತು ಮಗುವಿನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೆಳೆಯುವ ಮಗುವಿನ ತೂಕ ಇಳಿಸುವ ಹಕ್ಕು ಯಾವ ತರಬೇತುದಾರರಿಗೂ ಇಲ್ಲ. ದುಡಿಮೆಗೆ ತಕ್ಕ ಆಹಾರ ಸಿಗದ ಮೈ ಮೊದಲು ಬೆಳವಣಿಗೆಯನ್ನು, ಆಮೇಲೆ ಮೂಳೆಯ ಗಟ್ಟಿತನವನ್ನು, ಹುಡುಗಿಯರಲ್ಲಿ ಮುಟ್ಟನ್ನು ಕಡಿತಗೊಳಿಸುತ್ತದೆ. 15 ವರ್ಷ ತುಂಬಿದರೂ ಮುಟ್ಟಾಗದಿದ್ದರೆ, ಅಥವಾ ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ, "ಆಟದವರಿಗೆ ಹಾಗೇ" ಎಂದು ಸುಮ್ಮನಿರದೆ ವೈದ್ಯರನ್ನು ಕಾಣಿ.

ಇದಕ್ಕೆ ದುಬಾರಿ ಪುಡಿಡಬ್ಬಗಳು ಬೇಕಿಲ್ಲ. ತರಬೇತಿಗೆ ಒಂದೂವರೆ ಗಂಟೆ ಮೊದಲು ಬಾಳೆಹಣ್ಣು, ಖರ್ಜೂರ, ಒಂದು ದೋಸೆ ಅಥವಾ ಚಪಾತಿ ಸಾಕು. ಮುಗಿದ ಮೇಲೆ ಮೊಟ್ಟೆ, ಹಾಲು, ಮೊಸರನ್ನ ಅಥವಾ ಮೀನು-ಅನ್ನ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ರಾಗಿ ಮಣ್ಣಿ, ರಾಗಿ ರೊಟ್ಟಿ, ಮುಳ್ಳಿನ ಸಮೇತ ತಿನ್ನಬಹುದಾದ ಸಣ್ಣ ಮೀನು, ಹುರಿಗಡಲೆ, ಸೊಪ್ಪು ಇವೆಲ್ಲ ಮೂಳೆಗೂ ರಕ್ತಕ್ಕೂ ಬೇಕಾದವು. ಒಳಾಂಗಣದಲ್ಲೇ ಅಭ್ಯಾಸ ಮಾಡುವ ಮಗುವಿಗೆ ಬಿಸಿಲು ಸಿಗುವುದಿಲ್ಲ. ಬಿಡುವಿನ ದಿನ ಹೊರಗೆ ಆಡಲಿ.

ರಮಝಾನ್ ತಿಂಗಳಲ್ಲಿ ಪುಟ್ಟ ಮಕ್ಕಳು ಹುರುಪಿನಿಂದ ಒಂದೆರಡು ಉಪವಾಸ ಹಿಡಿಯುತ್ತಾರೆ. ಆ ದಿನ ಅವರಿಗೆ ತರಬೇತಿ ಬೇಡ. ಉಪವಾಸ ಹಿಡಿಯುವ ಹದಿಹರೆಯದವರು ಆ ತಿಂಗಳು ಅಭ್ಯಾಸವನ್ನು ಇಳಿಸಿ, ಇಫ್ತಾರ್ ಮುಗಿದು ಸ್ವಲ್ಪ ಹೊತ್ತಿನ ನಂತರ ಮಾಡಲಿ. ನೀರಿಲ್ಲದೆ ದಣಿದ ಮೈಯಲ್ಲಿ ಹೊಸ ಲಾಗ ಕಲಿಯುವುದು ಅಪಾಯ. ಇದನ್ನು ತರಬೇತುದಾರರಿಗೆ ತಿಂಗಳ ಮೊದಲೇ ತಿಳಿಸಿ.

ಶುಚಿತ್ವ: ಹತ್ತಾರು ಮಕ್ಕಳು, ಒಂದೇ ಮ್ಯಾಟ್

ಬರಿಗಾಲು, ಬೆವರು, ಎಲ್ಲರೂ ಬಳಸುವ ಮ್ಯಾಟ್. ಹುಳುಕಡ್ಡಿ, ಕೀವಿನ ಗುಳ್ಳೆ, ಪಾದದ ನರುಲಿ ಹರಡಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಕೆಲವು ಅಭ್ಯಾಸಗಳನ್ನು ಮೊದಲ ದಿನದಿಂದಲೇ ಕಲಿಸಿ:

• ಮನೆಗೆ ಬಂದ ಕೂಡಲೇ ಸ್ನಾನ. ಬೆರಳ ಸಂದುಗಳನ್ನು ಒಣಗಿಸಬೇಕು.
• ತರಬೇತಿಯ ಬಟ್ಟೆಯನ್ನು ಒಂದೇ ಸಲ ಹಾಕಿ ಒಗೆಯಿರಿ. ಒದ್ದೆ ಬಟ್ಟೆ ಚೀಲದಲ್ಲೇ ಮರುದಿನದವರೆಗೆ ಇರಬಾರದು.
• ಟವೆಲ್ ಮತ್ತು ನೀರಿನ ಬಾಟಲಿ ಮಗುವಿನದ್ದೇ ಇರಲಿ.
• ಉಗುರು ಗಿಡ್ಡವಾಗಿರಲಿ. ಬಳೆ, ಸರ, ಕಿವಿಯೋಲೆ ಬೇಡ.
• ಬಾರ್ ಹಿಡಿದು ಅಂಗೈ ಚರ್ಮ ಕಿತ್ತುಬಂದರೆ ಸಾಬೂನು ನೀರಿನಿಂದ ತೊಳೆದು ಮುಚ್ಚಿ. ಮಾಯುವ ತನಕ ಬಾರ್ ಬೇಡ.
• ಚರ್ಮದಲ್ಲಿ ಉಂಗುರದಂತಹ ತುರಿಕೆಯ ಕಲೆ ಕಂಡರೆ ಮೆಡಿಕಲ್ ಅಂಗಡಿಯಿಂದ ಕೇಳಿ ತಂದ ಮಿಶ್ರ ಮುಲಾಮು ಹಚ್ಚಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ತುರಿಕೆ ತಗ್ಗುತ್ತದೆ, ಸೋಂಕು ಹಬ್ಬುತ್ತದೆ. ಚರ್ಮ ವೈದ್ಯರಿಗೆ ತೋರಿಸಿ, ಗುಣವಾಗುವ ತನಕ ತರಗತಿಗೆ ಕಳಿಸಬೇಡಿ.

ಉಡುಪು ಮತ್ತು ಸುರಕ್ಷತೆ

ಉಡುಪಿನ ಕಾರಣಕ್ಕೆ ಅನೇಕ ಮನೆಗಳಲ್ಲಿ ಹುಡುಗಿಯರ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಅಂತಾರಾಷ್ಟ್ರೀಯ ನಿಯಮ ಪಾದದವರೆಗೆ ಮುಚ್ಚುವ ಉಡುಪಿಗೆ ಅವಕಾಶ ಕೊಡುತ್ತದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಮಹಿಳಾ ತಂಡ ಅಂತಹ ಪೂರ್ಣ ಉಡುಪಿನಲ್ಲೇ ಸ್ಪರ್ಧಿಸಿತು. ನಿಮ್ಮೂರಿನ ಸ್ಪರ್ಧೆಯ ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ. ಬಟ್ಟೆ ಮೈಗೆ ಅಂಟಿಕೊಂಡಿರಲಿ. ಸಡಿಲ ಬಟ್ಟೆ, ಪಿನ್ನು ಹಾಕಿದ ಶಾಲು ಉಪಕರಣಕ್ಕೆ ಸಿಕ್ಕಿ ಅಪಾಯ ತರುತ್ತದೆ.

ತರಬೇತುದಾರರು ಕಲಿಸುವಾಗ ಮಗುವನ್ನು ಮುಟ್ಟಿ ಹಿಡಿಯಲೇಬೇಕಾಗುತ್ತದೆ. ಆದ್ದರಿಂದಲೇ ಇಲ್ಲಿ ಎಚ್ಚರ ಹೆಚ್ಚು ಬೇಕು. ಅಮೆರಿಕದ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ವಿರುದ್ಧ 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ನ್ಯಾಯಾಲಯದಲ್ಲಿ ನೋವು ಹೇಳಿಕೊಂಡರು. ಚಿಕಿತ್ಸೆಯ ಹೆಸರಿನಲ್ಲಿ ಅವನು ವರ್ಷಗಟ್ಟಲೆ ಅವರನ್ನು ದುರುಪಯೋಗ ಮಾಡಿಕೊಂಡಿದ್ದ. ಆದ್ದರಿಂದ ಹೆತ್ತವರು ಕೂತು ನೋಡಲು ಬಿಡದ ಜಾಗಕ್ಕೆ ಮಗುವನ್ನು ಸೇರಿಸಬೇಡಿ. ಮುಚ್ಚಿದ ಕೋಣೆಯಲ್ಲಿ ಒಬ್ಬಂಟಿ ತರಬೇತಿ, ಒಬ್ಬಂಟಿ ಮಸಾಜ್ ಬೇಡವೇ ಬೇಡ. ಯಾವ ಸ್ಪರ್ಶ ಸರಿ, ಯಾವುದು ತಪ್ಪು ಎಂದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹೇಳಿಕೊಡಿ. ಮಗು ಏನಾದರೂ ಹೇಳಿದರೆ ಬೈಯದೆ ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು.

ಮಗುವಿನ ಮನಸ್ಸು

ಟೋಕಿಯೋದಲ್ಲಿ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತಮ್ಮ ಮೈಯ ಅಂದಾಜೇ ತಪ್ಪುತ್ತಿದೆ ಎಂದು ಸ್ಪರ್ಧೆಯ ಮಧ್ಯೆ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ಗೆ ಮರಳಿ ಚಿನ್ನ ಗೆದ್ದರು. ಅಷ್ಟು ದೊಡ್ಡ ಆಟಗಾರ್ತಿಗೆ "ಇವತ್ತು ಆಗದು" ಎನ್ನಲು ಹಕ್ಕಿದ್ದರೆ ಆರು ವರ್ಷದ ಮಗುವಿಗೂ ಇದೆ. ತರಗತಿಯ ದಿನ ಮಾತ್ರ ಹೊಟ್ಟೆನೋವು, ಮಾಡುತ್ತಿದ್ದ ಲಾಗಕ್ಕೆ ಹಠಾತ್ತಾಗಿ ಹೆದರಿಕೆ, ಊಟ ಬೇಡ ಎನ್ನುವುದು, ರಾತ್ರಿ ಬೆಚ್ಚಿ ಏಳುವುದು, ನೋವನ್ನು ಮುಚ್ಚಿಡುವುದು: ಮಗು ಬಾಯಲ್ಲಿ ಹೇಳಲಾರದ್ದನ್ನು ಇವು ಹೇಳುತ್ತಿರುತ್ತವೆ. ಶುಲ್ಕ ಕಟ್ಟಿದ್ದೇವೆ ಎಂಬ ಕಾರಣಕ್ಕೆ ಎಳೆದುಕೊಂಡು ಹೋಗಬೇಡಿ.

ಹಾಗಾದರೆ ಏನು ಉತ್ತರ ಕೊಡಬೇಕು?

ಮತ್ತೆ ಆ ಸಂಜೆಗೆ ಬರೋಣ. ತರಬೇತುದಾರರಿಗೆ "ಆಗದು" ಎನ್ನಬೇಕಿಲ್ಲ, ತಕ್ಷಣ "ಆಗಲಿ" ಎನ್ನಲೂಬೇಡಿ. ಮೊದಲು ಕೇಳಿ: ವಾರಕ್ಕೆ ಎಷ್ಟು ಗಂಟೆ? ಬಿಡುವಿನ ದಿನ ಯಾವುದು? ನೋವು ಎಂದರೆ ನೀವು ಏನು ಮಾಡುತ್ತೀರಿ? ಮ್ಯಾಟ್, ಫೋಮ್ ಗುಂಡಿ, ಪ್ರಥಮ ಚಿಕಿತ್ಸೆ ತಿಳಿದವರು ಇದ್ದಾರೆಯೇ? ನಾವು ಕೂತು ನೋಡಬಹುದೇ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ತರಬೇತುದಾರರ ಕೈಗೆ ಮಗುವನ್ನು ಕೊಡಬೇಡಿ.

ಉತ್ತರ ಸಮಾಧಾನ ತಂದರೆ ಮೆಟ್ಟಿಲು ಮೆಟ್ಟಿಲಾಗಿ ಏರಿ. ವಾರಕ್ಕೆ ಒಂದು ಗಂಟೆ ಬರುತ್ತಿದ್ದ ಮಗು ಮೊದಲು ಎರಡು ದಿನ ಒಂದೊಂದು ಗಂಟೆ ಬರಲಿ. ಎರಡು ಮೂರು ತಿಂಗಳು ನೋಡಿ. ನೋವಿಲ್ಲ, ನಿದ್ದೆ ಸರಿ, ಊಟ ಸರಿ, ಓದು ಸರಿ, ಮುಖದಲ್ಲಿ ನಗು ಇದೆ ಎಂದಾದರೆ ಇನ್ನೊಂದು ದಿನ ಸೇರಿಸಿ. ವಯಸ್ಸಿನ ಲೆಕ್ಕ ಮಾತ್ರ ಮೀರಬೇಡಿ. ಮೂರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಗುರುತು ಹಾಕಿ. ಎತ್ತರ ದಿಢೀರನೆ ಏರುತ್ತಿದ್ದರೆ, ಆ ತಿಂಗಳುಗಳಲ್ಲಿ ಜಿಗಿತ ಮತ್ತು ಬೆನ್ನು ಬಗ್ಗಿಸುವ ಅಭ್ಯಾಸ ಕಡಿಮೆ ಮಾಡಿಸಿ. ನೋವು ವಿಶ್ರಾಂತಿಯಲ್ಲೂ ಇದ್ದರೆ, ರಾತ್ರಿ ಎಬ್ಬಿಸಿದರೆ, ಊತ ಬಂದರೆ, ಕುಂಟುತ್ತಿದ್ದರೆ ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ತಲೆಗೆ ಅಥವಾ ಕುತ್ತಿಗೆಗೆ ಪೆಟ್ಟಾದರೆ ಮಗು "ಏನೂ ಆಗಿಲ್ಲ" ಎಂದರೂ ಆ ದಿನ ಮತ್ತೆ ಆಡಿಸಬೇಡಿ. ಕುತ್ತಿಗೆ ನೋವು, ಕೈಕಾಲು ಜೋಮು, ವಾಂತಿ, ಮಂಪರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಕೊನೆಯದಾಗಿ, ಎಲ್ಲರನ್ನೂ ಕೇಳಿದ ಮೇಲೆ ಮಗಳನ್ನೂ ಕೇಳಿ. ಗೆಲ್ಲುತ್ತೀಯಾ ಎಂದಲ್ಲ, ಖುಷಿ ಇದೆಯಾ ಎಂದು. ಪದಕ ಸಿಗುವ ಮಕ್ಕಳು ಕೆಲವರೇ. ಗಟ್ಟಿ ಮೂಳೆ, ನೆಟ್ಟಗಿನ ಬೆನ್ನು, ತನ್ನ ಮೈಯ ಬಗ್ಗೆ ಧೈರ್ಯ ಎಲ್ಲ ಮಕ್ಕಳಿಗೂ ಸಿಗಬಹುದು. ಅವಳಿಗೆ ಮೂವತ್ತಾದಾಗಲೂ ಮಣಿಕಟ್ಟು ನೋಯದೆ ತನ್ನ ಮಗುವನ್ನು ಎತ್ತಿ ಆಡಿಸುವಂತಿರಬೇಕು. ಇಂದು ನೀವು ಕೊಡುವ ಉತ್ತರ ಅಷ್ಟು ದೂರದವರೆಗೂ ಹೋಗುತ್ತದೆ.